ರೌಟರ್ ಕೊಳ್ಳುವ ಮೊದಲು ಕೇಬಲ್ಲಿನ ತುದಿ ನೋಡಿ

ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ. ಶೇಂಗಾ ಬೀಜ ತರುವಾಗ ಒಂದು ಹಿಡಿ ಸುಲಿದು ನೋಡುತ್ತೇವೆ. ವೈಫೈ ಡಬ್ಬಿ ತರುವಾಗ ಮಾತ್ರ ನಾನು ಕೊಂಬು ಎಣಿಸಿದೆ. ನಾಲ್ಕಿದ್ದವು. ಬೆಲೆ 2,600 ರೂಪಾಯಿ. ಚಳ್ಳಕೆರೆಯಿಂದ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಜೋಪಾನವಾಗಿ ತಂದೆ. ಸಂಜೆ ಕೇಬಲ್ ಹುಡುಗ ಬಂದವನು ಡಬ್ಬಿ ಹಿಂದೆ ಮುಂದೆ ತಿರುಗಿಸಿ ನೋಡಿ, "ಯಜಮಾನ್ರೇ, ಇದಕ್ಕೆ ಫೈಬರ್ ಸಿಗಾಕಾಕ್ಕೆ ತೂತೇ ಇಲ್ಲ" ಅಂದ. ಬಿಚ್ಚಿದ ಮಾಲು ಅಂತ ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ.

ನಮಗೆ ಇಂಟರ್‌ನೆಟ್ ಸಿನಿಮಾ ನೋಡೋಕೆ ಬೇಕಾಗಿರಲಿಲ್ಲ. ಮಗಳು ಬಿಕಾಂ ಮುಗಿಸಿದ್ದಳು. ಬೆಂಗಳೂರಿನ ಒಂದು ಲೆಕ್ಕಪತ್ರದ ಆಫೀಸಿನವರು ಮನೆಯಿಂದಲೇ ಕೆಲಸ ಮಾಡಲು ತಗೊಂಡರು. ತಿಂಗಳಿಗೆ 18,000. ಮೂರು ತಿಂಗಳು ನೋಡುತ್ತೇವೆ, ಲೈನ್ ಪದೇ ಪದೇ ಹೋದರೆ ಬೆಂಗಳೂರಿಗೇ ಬಂದು ಕೂರಬೇಕು ಅಂತ ಷರತ್ತು. ಅಲ್ಲಿ ಪಿಜಿಗೇ ಎಂಟೊಂಬತ್ತು ಸಾವಿರ, ಮೇಲೆ ಬಸ್ಸು, ಊಟ. ಮನೆಗೆ ಏನೂ ಉಳಿಯಲ್ಲ. ಎರಡು ವರ್ಷ ಶೇಂಗಾ ಕೈಕೊಟ್ಟ ಮನೆಯಲ್ಲಿ ತಿಂಗಳು ತಿಂಗಳು ಬರುವ ದುಡ್ಡು ಅಂದರೆ ಏನು ಅಂತ ಒಣಬೇಸಾಯದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಆ ಮೂರು ತಿಂಗಳು ನಾನು ಮಳೆ ನೋಡಿದ್ದಕ್ಕಿಂತ ಆ ಡಬ್ಬಿಯ ದೀಪ ನೋಡಿದ್ದೇ ಹೆಚ್ಚು. ನಾನು ಓದಿದ್ದು ಏಳನೇ ಕ್ಲಾಸು. ಇಲ್ಲಿ ಬರೆದಿರೋದು ಮಗಳು ಮತ್ತು ಆ ಕೇಬಲ್ ಹುಡುಗ ಹೇಳಿಕೊಟ್ಟಿದ್ದು, ಉಳಿದದ್ದು ದುಡ್ಡು ಕಳಕೊಂಡು ಕಲಿತಿದ್ದು.

ಮನೆವರೆಗೆ ಹೆಂಗೆ ಬರುತ್ತೆ?

ಹಳ್ಳಿ ಕಡೆಗೆ ಫೈಬರ್ ತರುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯಿತು. ಅದು ಗ್ರಾಮ ಪಂಚಾಯಿತಿ ತನಕ ಎಳೆಯುವ ಲೆಕ್ಕ. ಅಲ್ಲಿಂದ ಮನೆಗೆ ಎಳೆಯುವವರು ಹೆಚ್ಚಿನ ಕಡೆ ಊರಿನ ಟಿವಿ ಕೇಬಲ್‌ನವರೇ. ಬೇರೆ ಬೇರೆ ಕಂಪನಿಗಳೂ ತಮ್ಮದೇ ಲೈನ್ ಎಳೆದಿವೆ.

ಫೈಬರ್ ಅಂದರೆ ಗಾಜಿನ ಎಳೆ. ಅದರ ದಪ್ಪ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಅದರ ನಟ್ಟನಡುವೆ ಇನ್ನೂ ಸಣ್ಣ ದಾರಿ, ಕೂದಲಿಗಿಂತ ಸಣ್ಣದು, ಬೆಳಕು ಹೋಗೋದು ಅದರೊಳಗೆ. ಕರೆಂಟು ಹೋಗಲ್ಲ. ಪಟ್ಟಣದ ಇಲ್ಲವೇ ಹೋಬಳಿಯ ಆಫೀಸಿನಲ್ಲಿರುವ ಮಿಷನ್ನಿನಿಂದ ಒಂದು ಎಳೆ ಹೊರಡುತ್ತದೆ. ದಾರಿಯಲ್ಲಿ ಕಂಬದ ಮೇಲಿನ ಸಣ್ಣ ಡಬ್ಬಿಯಲ್ಲಿ ಅದು ಎಂಟಾಗಿ, ಹದಿನಾರಾಗಿ ಒಡೆಯುತ್ತದೆ. ಈ ಒಡೆಯುವ ಡಬ್ಬಿಗೆ ಸ್ಪ್ಲಿಟರ್ ಅನ್ನುತ್ತಾರೆ. ಅದಕ್ಕೆ ಕರೆಂಟು ಬೇಡ. ಮೇನ್ ಪೈಪಿನಿಂದ ಲ್ಯಾಟರಲ್‌ಗಳಿಗೆ ನೀರು ಹೋದಂಗೆ, ಬೆಳಕು ಹಂಚಿಕೊಂಡು ಹೋಗುತ್ತದೆ. ನಾಲ್ಕು ಮನೆಗೆ ಹಂಚಿದರೆ ಒಂದೊಂದಕ್ಕೆ ಕಾಲು ಭಾಗ. ನಮ್ಮ ಮನೆಗೆ ಬರುವ ಹೊತ್ತಿಗೆ ತೀರಾ ಸಣ್ಣಗಾಗಿರುತ್ತದೆ. ಅದಕ್ಕೇ ದಾರಿಯಲ್ಲಿ ಸ್ವಲ್ಪ ಕಸ, ಸ್ವಲ್ಪ ಮಡಿಕೆ ಇದ್ದರೂ ತೊಂದರೆ.

ಮನೆಯಲ್ಲಿ ಎರಡು ಕೆಲಸ ಆಗಬೇಕು. ಬೆಳಕನ್ನು ಕಂಪ್ಯೂಟರಿಗೆ ತಿಳಿಯುವಂಗೆ ಬದಲಿಸಬೇಕು. ಈ ಕೆಲಸದ ಡಬ್ಬಿಗೆ ಓಎನ್‌ಟಿ ಅನ್ನುತ್ತಾರೆ, ಕೆಲವರು ಓಎನ್‌ಯು ಅಂತಾರೆ, ನಮ್ಮೂರಲ್ಲಿ ಎಲ್ಲಕ್ಕೂ ಮೋಡೆಮ್ಮೇ. ಎರಡನೇ ಕೆಲಸ, ಬಂದಿದ್ದನ್ನು ಮನೆಯ ಫೋನು, ಲ್ಯಾಪ್‌ಟಾಪ್, ಟಿವಿಗೆ ಹಂಚೋದು. ಅದು ರೌಟರ್. ಈಗ ಹೆಚ್ಚಿನ ಮನೆಗಳಲ್ಲಿ ಎರಡೂ ಒಂದೇ ಡಬ್ಬಿಯೊಳಗೆ ಇರುತ್ತವೆ. ನಾನು ತಂದಿದ್ದು ಬರೀ ಹಂಚುವ ಡಬ್ಬಿ. ಬೆಳಕು ತಗೊಳ್ಳುವ ಬಾಯಿ ಅದಕ್ಕಿಲ್ಲ.

ಅಂಗಡಿಯಲ್ಲಿ ಸಿಗುವ ಡಬ್ಬಿ ಮೂರು ಥರ. ಹಳೇ ಟೆಲಿಫೋನ್ ತಂತಿಯದು: ಇದರ ಬಾಯಿ ಫೋನಿನ ಪಿನ್ ಗಾತ್ರದ್ದು, ಎಡಿಎಸ್‌ಎಲ್ ಅಂತ ಬರೆದಿರುತ್ತದೆ. ಫೈಬರ್ ಮನೆಗೆ ಕೊಳ್ಳಬೇಡಿ, ಸೋವಿಗೆ ಕೊಟ್ಟರೂ. ಬರೀ ರೌಟರ್: ಬಣ್ಣ ಬೇರೆ ಇರುವ ಒಂದು ಚೌಕ ಬಾಯಿ, ಅದರ ಮೇಲೆ ವ್ಯಾನ್ ಅಂತ ಇರುತ್ತದೆ. ಇದು ಓಎನ್‌ಟಿಯ ಜೊತೆಗೆ ಮಾತ್ರ ಉಪಯೋಗ. ಮೂರನೆಯದು ಫೈಬರ್ ಬಾಯಿ ಇರುವುದು: ಪಾನ್ ಅಂತ ಬರೆದ ಕಡೆ ಹಸಿರು ಇಲ್ಲವೇ ನೀಲಿ ಬಣ್ಣದ ಸಣ್ಣ ಚೌಕ ತೂತು.

ಈ ಹಸಿರು ನೀಲಿ ಚಂದಕ್ಕೆ ಮಾಡಿದ್ದಲ್ಲ. ಹಸಿರು ತುದಿಯಲ್ಲಿ ಗಾಜನ್ನು ಓರೆಯಾಗಿ ಉಜ್ಜಿರುತ್ತಾರೆ, ನೀಲಿಯಲ್ಲಿ ನೇರ. ಹಸಿರನ್ನು ನೀಲಿಗೆ ಸಿಕ್ಕಿಸಿದರೆ ಹೋಗುತ್ತೆ, ಕೂರುತ್ತೆ, ಆದರೆ ಗಾಜು ಗಾಜಿಗೆ ಸರಿಯಾಗಿ ತಾಕುವುದಿಲ್ಲ, ಬೆಳಕು ಸೋರುತ್ತದೆ. ಹಸಿರಿಗೆ ಹಸಿರು, ನೀಲಿಗೆ ನೀಲಿ. ನಿಮ್ಮ ಕೇಬಲ್ಲಿನ ತುದಿ ಯಾವ ಬಣ್ಣ ಅಂತ ನೋಡಿಕೊಂಡೇ ಪೇಟೆಗೆ ಹೋಗಿ. ಆ ತುದಿಯನ್ನು ಕಣ್ಣಿಗೆ ಹಿಡಿದು ಒಳಗೆ ನೋಡಬಾರದು. ಮಕ್ಕಳಿಗೂ ಹೇಳಿ. ಅದರ ಬೆಳಕು ಕಣ್ಣಿಗೆ ಕಾಣಲ್ಲ, ಆದರೆ ಇರುತ್ತದೆ.

ಕೇಬಲ್‌ನವರನ್ನು ಕೇಳಬೇಕಾದ್ದು

ಕೆಲವು ಕಂಪನಿಯವರು ತಮ್ಮದೇ ಡಬ್ಬಿ ಹಾಕುತ್ತಾರೆ, ಸಂಪರ್ಕ ಬಿಟ್ಟಾಗ ವಾಪಸ್ ಒಯ್ಯುತ್ತಾರೆ. ಅಂಥಲ್ಲಿ ನೀವು ಓಎನ್‌ಟಿ ಕೊಳ್ಳುವ ಪ್ರಶ್ನೆಯೇ ಇಲ್ಲ. ಕೆಲವರು ನೀವೇ ತನ್ನಿ ಅಂತಾರೆ. ತನ್ನಿ ಅಂದರೆ ಮೊದಲು ಕೇಳಬೇಕಾದ್ದು, "ನಿಮ್ಮದು ಜಿಪಾನ್ನಾ, ಇಪಾನ್ನಾ?" ಎರಡೂ ಬೇರೆ ಬೇರೆ ಭಾಷೆ ಇದ್ದಂಗೆ. ಆ ಕಡೆ ಮಿಷನ್ ಒಂದು, ಈ ಕಡೆ ಡಬ್ಬಿ ಇನ್ನೊಂದು ಆದರೆ ಮಾತೇ ಆಗಲ್ಲ. ಎಕ್ಸ್‌ಪಾನ್ ಅಂತ ಬರೆದ ಡಬ್ಬಿಗಳು ಎರಡಕ್ಕೂ ಆಗುತ್ತವೆ. ಅನುಮಾನ ಇದ್ದವರು ಅದನ್ನೇ ತಗೊಳ್ಳುವುದು ಕ್ಷೇಮ.

ಆಮೇಲೆ, ಅವರ ಮಿಷನ್ನಿಗೆ ಈಗಾಗಲೇ ಹೊಂದಿಕೊಂಡು ನಡೆಯುತ್ತಿರುವ ಡಬ್ಬಿ ಯಾವುದು ಅಂತ ಕೇಳಿ. ಪಕ್ಕದ ಬೀದಿಯಲ್ಲಿ ವರ್ಷದಿಂದ ನಡೆಯುತ್ತಿರುವುದು ಯಾವುದೋ ಅದೇ ನಿಮಗೂ ಒಳ್ಳೇದು. ಬೀಜದ ವಿಚಾರದಲ್ಲೂ ನಾವು ಮಾಡೋದು ಇದನ್ನೇ ತಾನೆ. ಕಾಗದದ ಮೇಲೆ ಎಲ್ಲವೂ ಹೊಂದಬೇಕು, ಆದರೆ ಒಂದು ಕಂಪನಿಯ ಮಿಷನ್ನಿಗೆ ಇನ್ನೊಂದು ಕಂಪನಿಯ ಡಬ್ಬಿ ಪೂರ್ತಿ ಒಗ್ಗದಿರುವುದು ಉಂಟು. ನೆಟ್ ಬರುತ್ತೆ, ಫೋನ್ ಬರಲ್ಲ, ಹೀಗೆ. ಲ್ಯಾಂಡ್‌ಲೈನ್ ಫೋನೂ ಬೇಕು ಅನ್ನುವವರು ಡಬ್ಬಿಯಲ್ಲಿ ಫೋನಿನ ಬಾಯಿ ಇದೆಯಾ ನೋಡಿಕೊಳ್ಳಿ.

ಹಳೇ ಡಬ್ಬಿ 500ಕ್ಕೆ ಸಿಗುತ್ತೆ ಅಂತ ಆಸೆಪಡುವವರಿಗೆ ಒಂದು ಮಾತು. ಪ್ರತಿ ಓಎನ್‌ಟಿಗೂ ಒಂದು ಸೀರಿಯಲ್ ನಂಬರ್ ಇರುತ್ತದೆ. ಕಂಪನಿಯವರು ಅದನ್ನು ತಮ್ಮ ಮಿಷನ್ನಿನಲ್ಲಿ ದಾಖಲಿಸಿದರೆ ಮಾತ್ರ ಲೈನ್ ಏಳುತ್ತದೆ. ಬೇರೆ ಕಂಪನಿಗೆ ಬೀಗ ಹಾಕಿದ ಡಬ್ಬಿ ತಂದರೆ ಏಳದೇ ಹೋಗಬಹುದು. ಮೊದಲು ನಂಬರಿನ ಫೋಟೊ ಕಳಿಸಿ, ಆಗುತ್ತಾ ಅಂತ ಕೇಳಿ, ಆಮೇಲೆ ದುಡ್ಡು ಕೊಡಿ. ಲೈನಿಗೆ ಹೆಸರು, ಪಾಸ್‌ವರ್ಡ್ ಕೊಡುವ ಪದ್ಧತಿ ಇದ್ದರೆ ಆ ಎರಡನ್ನೂ ಪಹಣಿ ಇಡುವ ಕಡೆ ಬರೆದಿಡಿ. ಡಬ್ಬಿ ಬದಲಿಸಿದ ದಿನ ಅದು ಬೇಕೇ ಬೇಕು. ನಮ್ಮ ಹುಡುಗ ಮದುವೆಗೆ ಹೋಗಿದ್ದ ಎರಡು ದಿನ ನಾವು ಸುಮ್ಮನೆ ಕೂತಿದ್ದು ಇದು ಗೊತ್ತಿಲ್ಲದೇ.

ನಾನು ಕೊನೆಗೆ ತಗೊಂಡ ಎಕ್ಸ್‌ಪಾನ್ ಡಬ್ಬಿಗೆ 1,500 ರೂಪಾಯಿ ಆಯಿತು. ಕೊಂಬು ಎರಡೇ.

1200 ಅಂದರೆ ಏನು?

ಬೋರಿನಲ್ಲಿ ಒಂದೂವರೆ ಇಂಚು ನೀರಿದ್ದರೆ ನಾಲ್ಕಿಂಚು ಪೈಪ್ ಹಾಕಿದರೂ ಬರೋದು ಒಂದೂವರೆ ಇಂಚೇ. ಡಬ್ಬಿಯ ಮೇಲೆ ಎಸಿ 1200 ಅಂತ ದಪ್ಪ ಅಕ್ಷರದಲ್ಲಿ ಬರೆದಿರೋದು ಪೈಪಿನ ಅಳತೆ, ನೀರಿನದಲ್ಲ. ನೀರು ನಿಮ್ಮ ಪ್ಲಾನ್. ನಮ್ಮದು 60 ಎಂಬಿಪಿಎಸ್. ಈ 1200 ಕೂಡ ಎರಡು ದಾರಿ ಕೂಡಿಸಿ ಹೇಳಿದ್ದು: ಒಂದರಲ್ಲಿ 300, ಇನ್ನೊಂದರಲ್ಲಿ 867. ಒಂದು ಫೋನು ಒಂದು ಹೊತ್ತಿಗೆ ಒಂದೇ ದಾರಿಯಲ್ಲಿ ಹೋಗುತ್ತದೆ. ಗೋಡೆ, ದೂರ ಎಲ್ಲಾ ಕಳೆದು ಕೈಗೆ ಬರೋದು ಅದರ ಅರ್ಧ ಅಂದರೂ ದೊಡ್ಡದು.

ಇನ್ನೊಂದು ಗೊಂದಲ ಎಂಬಿಪಿಎಸ್‌ನದು. ಫೈಲಿನ ಎಂಬಿ ಬೇರೆ, ವೇಗದ ಎಂಬಿ ಬೇರೆ. ವೇಗವನ್ನು ಎಂಟರಿಂದ ಭಾಗಿಸಬೇಕು. 60ರ ಲೈನಿನಲ್ಲಿ ಸೆಕೆಂಡಿಗೆ ಏಳೂವರೆ ಎಂಬಿ ಫೈಲ್ ಇಳಿಯುತ್ತದೆ. ವಿಡಿಯೊ ಮಾತುಕತೆಗೆ ಎರಡು ಮೂರು ಎಂಬಿಪಿಎಸ್ ಸಾಕು. ಅಂದರೆ ಹಳ್ಳಿ ಮನೆಗೆ ವೇಗ ಸಮಸ್ಯೆಯಲ್ಲ, ಕಡಿಯದೇ ನಿಲ್ಲುವುದು ಮುಖ್ಯ. ಪ್ಲಾನಿನಲ್ಲಿ ತಿಂಗಳ ಮಿತಿ ಎಷ್ಟು, ಅದು ಮುಗಿದ ಮೇಲೆ ವೇಗ ಎಷ್ಟಕ್ಕೆ ಇಳಿಸುತ್ತಾರೆ ಅಂತಲೂ ಕೇಳಿ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕಡೇಪಕ್ಷ 2 ಎಂಬಿಪಿಎಸ್ ಇರಬೇಕು ಅಂತ 2023ರಲ್ಲಿ ಸರ್ಕಾರ ಗೊತ್ತುಮಾಡಿದೆ. ಅಷ್ಟಕ್ಕೆ ಇಳಿದರೆ ಇಬ್ಬರು ಒಟ್ಟಿಗೆ ಕೆಲಸ ಮಾಡೋದು ಕಷ್ಟ. ಹೇಳುವ ಬಾಡಿಗೆಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

100 ಎಂಬಿಪಿಎಸ್‌ಗಿಂತ ದೊಡ್ಡ ಪ್ಲಾನ್ ತಗೊಳ್ಳುವವರು ಮಾತ್ರ ಡಬ್ಬಿಯ ಹಿಂದಿನ ಬಾಯಿಗಳು ಗಿಗಾಬಿಟ್ ಇವೆಯಾ ನೋಡಬೇಕು. 10/100 ಅಂತ ಇದ್ದರೆ ಅದರಿಂದ 100ರ ಮೇಲೆ ಬರುವುದಿಲ್ಲ. ನಮ್ಮ ಪ್ಲಾನಿಗೆ ಅದೇ ಸಾಕು.

ನಮ್ಮ ಗೋಡೆ, ಅವರ ಗೋಡೆ

ವೈಫೈಗೆ ಎರಡು ದಾರಿ ಅಂದೆ. ಒಂದು 2.4 ಗಿಗಾಹರ್ಟ್ಸ್, ಇನ್ನೊಂದು 5 ಗಿಗಾಹರ್ಟ್ಸ್. 5ರದ್ದು ಚುರುಕು, ಆದರೆ ಗೋಡೆ ದಾಟುವುದಕ್ಕೆ ಸೋಲುತ್ತದೆ. 2.4ರದ್ದು ನಿಧಾನ, ಆದರೆ ದೂರ ಹೋಗುತ್ತದೆ. ಪೇಟೆಯಲ್ಲಿ ಒಂದರ ಪಕ್ಕ ಒಂದು ಮನೆ, ಎಲ್ಲರದೂ 2.4, ಸಂತೆಯ ಗದ್ದಲ. ಅಲ್ಲಿ 5 ಬೇಕು. ನಮ್ಮ ಬೀದಿಯಲ್ಲಿ ವೈಫೈ ಇರೋದೇ ಮೂರು ಮನೆಗೆ. ಗದ್ದಲ ಇಲ್ಲ, ಗೋಡೆ ಮಾತ್ರ ದಪ್ಪ. ನಮ್ಮದು ಹಳೇ ಮಾಳಿಗೆ ಮನೆ, ಕಲ್ಲು ಮಣ್ಣಿನ ಗೋಡೆ, ಒಂದೂವರೆ ಅಡಿ. ಮುಂದೆ ಕಟ್ಟಿದ್ದು ಸಿಮೆಂಟಿನ ಎರಡು ಕೋಣೆ, ಪಕ್ಕದಲ್ಲಿ ತಗಡಿನ ಕೊಟ್ಟಿಗೆ. ನಡುಮನೆಯಲ್ಲಿ ಡಬ್ಬಿ ಇಟ್ಟರೆ 5ರ ದಾರಿ ಒಂದು ಗೋಡೆ ದಾಟಿ ಎರಡನೆಯದರಲ್ಲಿ ಸತ್ತೇ ಹೋಯಿತು. 2.4 ಅಡುಗೆ ಕೋಣೆ ತನಕ ಬಂತು. ತಗಡು ಯಾವುದನ್ನೂ ಬಿಡಲ್ಲ. ಕಬ್ಬಿಣದ ಬೀರು, ಫ್ರಿಜ್ಜು, ನೀರಿನ ಡ್ರಮ್ಮಿನ ಹಿಂದೆಯೂ ಡಬ್ಬಿ ಇಡಬೇಡಿ.

ಹಾಗಾಗಿ ದಪ್ಪ ಗೋಡೆಯ ಮನೆಯವರು ಎರಡು ದಾರಿಯ ಡಬ್ಬಿಗೆ ಹೆಚ್ಚು ದುಡ್ಡು ಕೊಡುವ ಮೊದಲು ಯೋಚಿಸಿ. ಎರಡಿದ್ದರೆ ಒಳ್ಳೇದೇ, ಡಬ್ಬಿ ಇರುವ ಕೋಣೆಯಲ್ಲಿ ಕೂತವರಿಗೆ. ಆದರೆ ಗೋಡೆಯಾಚೆ ಅದು ನಿಮಗೆ ಏನೂ ಕೊಡಲ್ಲ. ಕೊಂಬಿನ ಸಂಖ್ಯೆಯಿಂದ ಹೊರಡುವ ಶಕ್ತಿಯೂ ಹೆಚ್ಚಲ್ಲ, ಅದಕ್ಕೆ ಸರ್ಕಾರದ ಮಿತಿ ಇದೆ. ಕೊಂಬು ನೆಟ್ಟಗೆ ನಿಲ್ಲಿಸಿದರೆ ಅಲೆ ಸುತ್ತ ಅಡ್ಡಕ್ಕೆ ಹರಡುತ್ತದೆ, ಮಲಗಿಸಿದರೆ ಮೇಲೆ ಕೆಳಗೆ. ಒಂದೇ ಅಂತಸ್ತಿನ ಮನೆಗೆ ನೆಟ್ಟಗೇ ಇರಲಿ. ತಲೆ ಎತ್ತರಕ್ಕೆ, ಮನೆಯ ನಡುವಿಗೆ ಡಬ್ಬಿ ಇಡುವುದು ಖರ್ಚಿಲ್ಲದ ಸುಧಾರಣೆ. ಕೇಬಲ್ ಹುಡುಗರು ಅವಸರದಲ್ಲಿ ಬಾಗಿಲ ಪಕ್ಕವೇ ಮೊಳೆ ಹೊಡೆದು ಹೋಗುತ್ತಾರೆ. ಅವರಿಗೆ ಕೇಬಲ್ ಉಳಿಯುತ್ತೆ, ನಮಗೆ ಅರ್ಧ ವೈಫೈ ಬೀದಿಗೆ ಹೋಗುತ್ತೆ.

ಇಷ್ಟೆಲ್ಲಾ ತಲೆ ಕೆಡಿಸಿಕೊಂಡ ಮೇಲೆ ಮಗಳು ಹೇಳಿದ್ದು, "ಅಪ್ಪಾ, ನಾನು ಕೂರೋದು ಒಂದೇ ಜಾಗ. ಅಲ್ಲಿಗೆ ವೈರ್ ಎಳೆದುಬಿಡು." ಹತ್ತು ಮೀಟರ್ ಲ್ಯಾನ್ ಕೇಬಲ್, 250 ರೂಪಾಯಿ. ಡಬ್ಬಿಯಿಂದ ನೇರ ಅವಳ ಲ್ಯಾಪ್‌ಟಾಪ್‌ಗೆ. ವೈಫೈ ಹಿಂದೆ ಮುಂದೆ ಆಗುವ ಗೋಳೇ ಮುಗಿಯಿತು. ಕೂತು ಕೆಲಸ ಮಾಡುವ ಕಡೆ ವೈರು, ಓಡಾಡುವ ಫೋನಿಗೆ ವೈಫೈ.

ಕೆಂಪು ದೀಪ, ಮತ್ತು ಕಿಟಕಿಯ ಮೊಳೆ

ಎರಡನೇ ತಿಂಗಳು ಕಾಟ ಶುರುವಾಯಿತು. ಮಧ್ಯಾಹ್ನ ಸರಿ ಇರೋದು, ಸಂಜೆ ಹತ್ತು ನಿಮಿಷಕ್ಕೊಮ್ಮೆ ಹೋಗಿ ಬರೋದು. ಒಂದು ದಿನ ಬೆಂಗಳೂರಿನ ಮೇಲಿನವರ ಜೊತೆ ಮಾತಾಡುವಾಗಲೇ ಮೂರು ಸಲ ಕಡಿಯಿತು. "ಹೀಗಾದರೆ ನೀವು ಇಲ್ಲಿಗೇ ಬರಬೇಕಾಗುತ್ತೆ" ಅಂದರಂತೆ. ಆ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಕಂಪನಿಗೆ ಫೋನ್ ಮಾಡಿದರೆ, ಡಬ್ಬಿ ಹಾಳಾಗಿದೆ, ಬೇರೆ ತಗೊಳ್ಳಿ ಅಂದರು. ನಾನು ತಗೊಳ್ಳೋಕೇ ಹೊರಟಿದ್ದೆ.

ಬೇಡ ಅಂದವಳು ಮಗಳು. ಡಬ್ಬಿಯೊಳಗೆ ಒಂದು ಪುಟ ಇರುತ್ತದೆ. ಫೋನಿನಲ್ಲಿ 192.168.1.1 ಅಂತ ಹೊಡೆದರೆ ತೆರೆಯುತ್ತದೆ. ಕೆಲವು ಡಬ್ಬಿಗೆ ನಂಬರ್ ಬೇರೆ, ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಬರೆದಿರುತ್ತದೆ. ಅಲ್ಲಿ ಬಂದು ಮುಟ್ಟುವ ಬೆಳಕಿನ ಅಳತೆ ಸಿಗುತ್ತದೆ. ಅದನ್ನು ಡಿಬಿಎಂ ಅನ್ನುವ ಲೆಕ್ಕದಲ್ಲಿ ತೋರಿಸುತ್ತಾರೆ, ಮೈನಸ್ ಗುರುತಿನೊಂದಿಗೆ. ಮೈನಸ್ 15ರಿಂದ ಮೈನಸ್ 24 ಇದ್ದರೆ ಚೆನ್ನ. ಮೈನಸ್ 27 ಅಂದರೆ ಅಂಚು. ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಮ್ಮಿ. ಮೂರು ಇಳಿದರೆ ಬೆಳಕು ಅರ್ಧ ಆಗಿರುತ್ತದೆ, ಆರು ಇಳಿದರೆ ಕಾಲು. ನಮ್ಮದು ಮಧ್ಯಾಹ್ನ ಮೈನಸ್ 25 ಸುಮಾರು, ಸಂಜೆ ಮೈನಸ್ 26.9.

ಸಂಜೆಗೆ ಯಾಕೆ ಇಳಿಯುತ್ತೆ? ಕೇಬಲ್ ಹಿಡಿದು ನಡೆದೆ, ಪೈಪ್‌ಲೈನ್ ಸೋರಿಕೆ ಹುಡುಕುವಂಗೆ. ಕಿಟಕಿಯ ಹತ್ತಿರ ಸಿಕ್ಕಿತು. ಕೇಬಲ್ಲನ್ನು ಮೊಳೆಗೆ ಸುತ್ತಿ ಚೌಕಟ್ಟಿನ ಮೂಲೆಯಲ್ಲಿ ಮಡಿಸಿ ಒಳಗೆ ತಂದಿದ್ದರು. ಸಂಜೆ ಸೊಳ್ಳೆ ಅಂತ ನಮ್ಮ ಮನೆಯವಳು ಕಿಟಕಿ ಹಾಕಿದರೆ ರೆಕ್ಕೆ ಅದನ್ನು ಒತ್ತುತ್ತಿತ್ತು. ಗಾಜಿನ ದಾರಿಯಲ್ಲಿ ಬೆಳಕು ನೇರ ಇದ್ದರೆ ಒಳಗೇ ಓಡುತ್ತದೆ, ಗಕ್ಕನೆ ಮಡಿಸಿದರೆ ಆ ಮಡಿಕೆಯಲ್ಲಿ ಹೊರಗೆ ಸೋರುತ್ತದೆ. ತುಂಡಾಗಿರಬೇಕು ಅಂತೇನಿಲ್ಲ. ಮರುದಿನ ಹುಡುಗ ಬಂದು ಗೋಡೆಯಲ್ಲಿ ತೂತು ಕೊರೆದು, ಮೂರು ಇಂಚು ಅಗಲದ ಸುರುಳಿ ಬಿಟ್ಟು, ತುದಿ ಒರೆಸಿ ಹೊಸದಾಗಿ ಜೋಡಿಸಿದ. ಮೈನಸ್ 20.6. ಮೊದಲಿಗಿಂತ ನಾಲ್ಕು ಪಟ್ಟು ಬೆಳಕು. ಖರ್ಚು 200 ರೂಪಾಯಿ ಮತ್ತು ಊಟ. ಹೊಸ ಡಬ್ಬಿ ತಂದಿದ್ದರೂ ಕಿಟಕಿ ಅದನ್ನೂ ಹೀಗೇ ಆಡಿಸುತ್ತಿತ್ತು.

ಮಳೆ ಅಳತೆ ಬರೆಯುವ ಪುಸ್ತಕದ ಕೊನೆಯಲ್ಲಿ ಈಗ ವಾರಕ್ಕೊಮ್ಮೆ ಈ ಅಂಕಿಯನ್ನೂ ಬರೆಯುತ್ತೇನೆ. ಹುಡುಗ ಬಂದಾಗ ತೋರಿಸಿದರೆ ವಾದ ಇರಲ್ಲ. ದೀಪದ ಲೆಕ್ಕ ಸುಲಭ: ಪಾನ್ ಅನ್ನುವ ದೀಪ ಹಸಿರಾಗಿ ನಿಂತಿರಬೇಕು. ಎಲ್‌ಓಎಸ್ ಅನ್ನುವ ಕೆಂಪು ದೀಪ ಮಿಣುಕಿದರೆ ಬೆಳಕೇ ಬಂದಿಲ್ಲ. ಆಗ ಡಬ್ಬಿ ಆರಿಸಿ ಹಚ್ಚಿ ಮಾಡಿ ಪ್ರಯೋಜನವಿಲ್ಲ, ಎಲ್ಲೋ ಮೇವಿನ ಟ್ರಾಕ್ಟರ್ ಕೇಬಲ್ ಎಳೆದಿದೆ ಇಲ್ಲವೇ ಅಳಿಲು ಕಡಿದಿದೆ.

ಕರೆಂಟು ಮತ್ತು ಸಿಡಿಲು

ದಾರಿಯಲ್ಲಿ ಕಂಬದ ಡಬ್ಬಿಗೆ ಕರೆಂಟು ಬೇಡ ಅಂದೆನಲ್ಲ, ಅದರಿಂದ ಹಳ್ಳಿಯವರಿಗೆ ದೊಡ್ಡ ಅನುಕೂಲ. ಊರಿಗೆಲ್ಲಾ ಕರೆಂಟು ಹೋದರೂ ಆಫೀಸಿನ ಮಿಷನ್ನು ಬ್ಯಾಟರಿಯಲ್ಲಿ ನಡೆಯುತ್ತಿದ್ದರೆ, ನಮ್ಮ ಮನೆ ಡಬ್ಬಿಗೊಂದಿಷ್ಟು ಕರೆಂಟು ಕೊಟ್ಟರೆ ಸಾಕು. ಡಬ್ಬಿ ತಿನ್ನೋದು ಆರೇಳು ವ್ಯಾಟ್, ಸಣ್ಣ ಎಲ್‌ಇಡಿ ಬಲ್ಬಿನಷ್ಟು. ಅದಕ್ಕೆಂದೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗುತ್ತದೆ. ಅದರ ಮೇಲೆ 10,000 ಎಂಎಎಚ್ ಅಂತ ಇದ್ದರೆ ಅದು ಒಳಗಿನ ಸೆಲ್ಲಿನ 3.7 ವೋಲ್ಟಿನ ಲೆಕ್ಕ. ಗುಣಿಸಿದರೆ 37 ವ್ಯಾಟ್ ಗಂಟೆ. 12 ವೋಲ್ಟಿಗೆ ಏರಿಸುವಾಗ ಒಂದಿಷ್ಟು ಸೋರಿ 30 ಸಿಕ್ಕೀತು. 7 ವ್ಯಾಟಿನ ಡಬ್ಬಿಗೆ ನಾಲ್ಕು ಗಂಟೆ. ಎಂಟು ಗಂಟೆ ಬರುತ್ತೆ ಅನ್ನುವವರ ಮುಂದೆ ಈ ಲೆಕ್ಕ ಹಾಕಿ.

ಬೇರೆ ಅಡಾಪ್ಟರ್ ಹಾಕುವಾಗ ವೋಲ್ಟ್ ಸರಿಯಾಗಿ ಅಷ್ಟೇ ಇರಬೇಕು, ಆಂಪಿಯರ್ ಹೆಚ್ಚಿದ್ದರೆ ತೊಂದರೆ ಇಲ್ಲ, ಕಮ್ಮಿ ಇರಬಾರದು. ಅರ್ಧ ಆಂಪಿಯರಿನದು ಹಾಕಿದರೆ ಡಬ್ಬಿ ತಾನಾಗಿ ಆರಿ ಹತ್ತುತ್ತಿರುತ್ತದೆ. ಸೋಲಾರ್ ಬ್ಯಾಟರಿಯಿಂದ ನೇರ ವೈರ್ ಎಳೆಯುವವರೂ ಇದ್ದಾರೆ. 12 ವೋಲ್ಟಿನ ಬ್ಯಾಟರಿ ಚಾರ್ಜ್ ಆಗುವಾಗ 14ರ ಮೇಲೆ ಹೋಗುತ್ತದೆ. ನಡುವೆ 12ಕ್ಕೆ ನಿಲ್ಲಿಸುವ ಸಣ್ಣ ಪರಿವರ್ತಕ ಹಾಕದೇ ಹಾಗೆ ಮಾಡಬೇಡಿ.

ಗಾಜಿನಲ್ಲಿ ಸಿಡಿಲು ಹರಿಯುವುದಿಲ್ಲ, ನಿಜ. ಆದರೆ ಕಂಬದಿಂದ ಮನೆಗೆ ಬರುವ ಕೇಬಲ್ಲಿನಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿ ಇರುವುದುಂಟು, ಅಡಾಪ್ಟರ್ ಅಂತೂ ಕರೆಂಟಿನ ಲೈನಿನಲ್ಲೇ ಇರುತ್ತದೆ. ಭರಣಿ, ಕೃತ್ತಿಕೆ ಮಳೆಯ ಗುಡುಗು ಶುರುವಾಗುವ ಮೊದಲೇ ಅಡಾಪ್ಟರ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಕೇಬಲ್ ಹಾಕಿಸುವಾಗ ಉಕ್ಕಿನ ಬದಲು ಫೈಬರ್‌ಗ್ಲಾಸಿನ ಕಡ್ಡಿ ಇರುವುದು ಸಿಗುತ್ತಾ ಕೇಳಿ.

ದಂಡವಾದ ಡಬ್ಬಿ ಕುರಿಹಟ್ಟಿಗೆ

ನಾಲ್ಕು ಕೊಂಬಿನ ಆ ರೌಟರ್ ಆರು ತಿಂಗಳು ಮಾಡಿನ ಮೇಲಿತ್ತು. ಕುರಿ ರೊಪ್ಪದ ಪಕ್ಕದ ಕೋಣೆಯಲ್ಲಿ ಮಗ ಮಲಗುತ್ತಾನೆ. ಅಲ್ಲಿಗೊಂದು ಕ್ಯಾಮೆರಾ ಹಾಕಬೇಕು ಅಂತ ಅವನ ಹಟ, ಹೋದ ವರ್ಷ ಎರಡು ಕುರಿ ಕಳವಾಗಿದ್ದವು. ಮನೆಯಿಂದ 40 ಮೀಟರ್. ಲ್ಯಾನ್ ಕೇಬಲ್ 100 ಮೀಟರ್ ತನಕ ನಡೆಯುತ್ತದೆ. ಕೊಳ್ಳುವಾಗ ಶುದ್ಧ ತಾಮ್ರ ಅಂತ ಕೇಳಿ ತಗೊಳ್ಳಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟಿದ್ದೂ ಮಾರುತ್ತಾರೆ. ಚಾಕುವಿನಲ್ಲಿ ಕೆರೆದರೆ ಒಳಗೆ ಬಿಳಿ ಕಾಣುತ್ತದೆ. ಡ್ರಿಪ್‌ನಿಂದ ಕಿತ್ತ ಹಳೇ ಪಿವಿಸಿ ಪೈಪ್ ಇತ್ತು, ಅದರೊಳಗೆ ಎಳೆದು ಒಂದೂವರೆ ಅಡಿ ಆಳಕ್ಕೆ ಹೂಳಿದೆವು. ಎರಡು ಕಟ್ಟಡದ ನಡುವಿನ ತಾಮ್ರದ ವೈರಿಗೆ ಸಿಡಿಲಿನ ಭಯ ಇದೆ. ಮೋಡ ಕಟ್ಟಿದಾಗ ಎರಡೂ ತುದಿ ಕೀಳುತ್ತೇವೆ. ದೂರ ಇನ್ನೂ ಹೆಚ್ಚಿದ್ದರೆ ಅಲ್ಲಿಗೂ ಫೈಬರನ್ನೇ ಎಳೆಸುವುದು ಒಳ್ಳೇದು.

ಜೋಡಿಸುವ ಕ್ರಮ ಹೀಗೆ. ಎರಡೂ ಡಬ್ಬಿಯ ವಿಳಾಸ 192.168.1.1 ಆಗಿದ್ದರೆ ಜಗಳ ಬೀಳುತ್ತದೆ. ಹಾಗಾಗಿ ರೌಟರಿನದನ್ನು ಕೊನೆಯ ಅಂಕಿ 2 ಅಂತ ಬದಲಿಸಬೇಕು. ಅದರಲ್ಲಿ ಡಿಎಚ್‌ಸಿಪಿ ಅನ್ನುವುದನ್ನು ಆರಿಸಬೇಕು. ಫೋನುಗಳಿಗೆ ನಂಬರ್ ಹಂಚುವ ಕೆಲಸ ಅದು, ಮನೆಗೆ ಒಬ್ಬನೇ ಮಾಡಬೇಕು. ಆಮೇಲೆ ಮನೆಯ ಡಬ್ಬಿಯ ಲ್ಯಾನ್ ಬಾಯಿಯಿಂದ ಬಂದ ವೈರನ್ನು ರೌಟರಿನ ಲ್ಯಾನ್ ಬಾಯಿಗೇ ಹಾಕಬೇಕು, ವ್ಯಾನ್ ಬಾಯಿಗಲ್ಲ. ಹೊಸ ರೌಟರುಗಳಲ್ಲಿ ಆಕ್ಸೆಸ್ ಪಾಯಿಂಟ್ ಅನ್ನುವ ಆಯ್ಕೆ ಇದ್ದರೆ ಅದನ್ನು ಒತ್ತಿದರೆ ಇದನ್ನೆಲ್ಲಾ ಅದೇ ಮಾಡಿಕೊಳ್ಳುತ್ತದೆ, ವೈರ್ ಯಾವ ಬಾಯಿಗೆ ಅಂತ ಅದರ ಪುಸ್ತಕದಲ್ಲಿ ಹೇಳಿರುತ್ತಾರೆ. ಎರಡೂ ಕಡೆ 2.4ರಲ್ಲಿ ಒಂದೇ ಚಾನಲ್ ಬೇಡ. 1, 6, 11 ಈ ಮೂರು ಒಂದಕ್ಕೊಂದು ತಾಕುವುದಿಲ್ಲ. ನಾವು ಮನೆಗೆ 1, ಹಟ್ಟಿಗೆ 11 ಇಟ್ಟಿದ್ದೇವೆ.

ಪಾಸ್‌ವರ್ಡ್ ವಿಚಾರ ಚುಟುಕಾಗಿ ಹೇಳುತ್ತೇನೆ. ಎರಡು ಪಾಸ್‌ವರ್ಡ್ ಇರುತ್ತವೆ, ಒಂದು ವೈಫೈಗೆ, ಒಂದು ಡಬ್ಬಿಯ ಒಳಪುಟಕ್ಕೆ. ಒಳಪುಟದ್ದು ಎಲ್ಲಾ ಡಬ್ಬಿಗೂ ಅಡ್ಮಿನ್ ಅಂತಲೇ ಬರುವುದುಂಟು, ಮೊದಲ ದಿನವೇ ಬದಲಿಸಿ. ವೈಫೈಗೆ ಡಬ್ಲ್ಯುಪಿಎ 2 ಇಲ್ಲವೇ 3 ಇರಲಿ, ಡಬ್ಲ್ಯುಪಿಎಸ್ ಅನ್ನುವ ಗುಂಡಿ ಆರಿಸಿ. ಪಕ್ಕದ ಮನೆ ಹುಡುಗರಿಗೆ ಇಲ್ಲ ಅನ್ನಲು ಆಗಲ್ಲ, ಅವರಿಗೆ ಗೆಸ್ಟ್ ಅಂತ ಬೇರೆ ಹೆಸರು ಮಾಡಿಕೊಟ್ಟಿದ್ದೇವೆ. ಸಂಪರ್ಕ ನನ್ನ ಹೆಸರಲ್ಲಿದೆ, ಅದರಲ್ಲಿ ಯಾರು ಏನು ಮಾಡಿದರೂ ಮೊದಲು ಕೇಳುವುದು ನನ್ನನ್ನೇ.

ಒಟ್ಟು ಖರ್ಚು: ದಂಡದ ರೌಟರ್ 2,600, ಓಎನ್‌ಟಿ 1,500, ಯುಪಿಎಸ್ 1,400, ಒಳಗಿನ ವೈರ್ 250, ಹಟ್ಟಿಯ ಕೇಬಲ್ 1,100, ಹುಡುಗನಿಗೆ 200. ಕೂಡಿದರೆ 7,050. ಮೊದಲೇ ತಿಳಿದಿದ್ದರೆ ಹಟ್ಟಿಗೆ 1,000 ರೂಪಾಯಿಯ ಸಣ್ಣ ರೌಟರೇ ಸಾಕಿತ್ತು.

ಮಗಳ ಮೂರು ತಿಂಗಳು ಮುಗಿದು ಈಗ ಒಂಬತ್ತನೇ ತಿಂಗಳು ನಡೆಯುತ್ತಿದೆ. ತಿಂಗಳಿಗೆ ಎರಡು ದಿನ ಬೆಂಗಳೂರಿಗೆ ಹೋಗಿ ಬರುತ್ತಾಳೆ. ನಲ್ಲಿ ಪೈಪಿಗೆ ರಸ್ತೆ ಅಗೆದಾಗ ಎರಡು ಸಲ ಮೇನ್ ಕೇಬಲ್ಲೇ ಕಡಿದು ಹೋಯಿತು, ಒಂದೊಂದು ಸಲ ಒಂದೂವರೆ ದಿನ ನೆಟ್ ಇಲ್ಲ. ಆಗ ಮೊಬೈಲಿನಿಂದ ಹಾಟ್‌ಸ್ಪಾಟ್ ಹಾಕಿಕೊಂಡು, ಟವರ್ ಸಿಗಲಿ ಅಂತ ಮಾಳಿಗೆ ಮೇಲೆ ಕೊಡೆ ಕಟ್ಟಿಕೊಂಡು ಕೂತು ಕೆಲಸ ಮುಗಿಸಿದಳು. ಅಗೆಯುವವರಿಗೆ ಕೇಬಲ್ ಎಲ್ಲಿದೆ ಅಂತ ತೋರಿಸುವ ಗುರುತಿನ ಕಲ್ಲು ನಮ್ಮ ರಸ್ತೆಯಲ್ಲಿ ಇನ್ನೂ ನೆಟ್ಟಿಲ್ಲ. ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ.